ಮೊಳೆಗೆ ನೇತುಹಾಕಿದ್ದ ವೈರು

“ಮೋಡಕ್ಕೆ ಓಗಿರೋದು ಲೆಕ್ಕ, ಕಳ್ತನ ಆಗಿರೋದು ಪೆಟ್ಗೆ. ಎಲ್ಡಕ್ಕೂ ಸೇರ್ಸಿ ಒಂದೇ ಎಫ್‌ಐಆರ್ ಸಾಕಾ ಮೇಡಂ?”

ಹೆಡ್ ಕಾನ್‌ಸ್ಟೆಬಲ್ ರಂಗನಾಯಕ ಪೆನ್ನು ಎತ್ತಿ ಹಿಡಿದು ಕೇಳಿದ್ದು ತಮಾಷೆಗೇನೂ ಅಲ್ಲ. ಆದರೂ ಇನ್‌ಸ್ಪೆಕ್ಟರ್ ಇಂದ್ರಾಣಿಗೆ ನಗು ಬಂತು. ಎದುರಿಗೆ ಕುಳಿತಿದ್ದ ದೂರುದಾರಳ ಮುಖ ನೋಡಿ ನಗುವನ್ನು ನುಂಗಿಕೊಂಡರು. ಸೋಮವಾರ, ನವೆಂಬರ್ 17, ಬೆಳಿಗ್ಗೆ 9.40. ನಂಜನಗೂಡಿನ ಠಾಣೆ.

ದೂರು ತಂದವಳು ಪವಿತ್ರಾ. ಕೈಗಾರಿಕಾ ಪ್ರದೇಶದ ‘ಹಸಿರುಮೇವು’ ಎಂಬ ಪಶು ಆಹಾರ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ನಾಲ್ಕು ರಾಜ್ಯಗಳಲ್ಲಿ ಕಾರ್ಖಾನೆ ಇರುವ ದೊಡ್ಡ ಕಂಪನಿ ಅದು.

“ಏನು ಕಳುವಾಗಿದೆ, ಸರಳವಾಗಿ ಹೇಳಿ.”

“ಸರ್ವರ್ ಮೇಡಂ. ಜೋಳ ಬಂದಿದ್ದು, ಹಿಂಡಿ ಅರೆದಿದ್ದು, ಮೂಟೆ ಲಾರಿಗೆ ಏರಿದ್ದು, ಸಂಬಳ, ಎಲ್ಲಾ ಅದರಲ್ಲೇ ನಡೀತಿತ್ತು. ಆ ವ್ಯವಸ್ಥೆಗೆ ಇಆರ್‌ಪಿ ಅಂತೀವಿ. ಈಗ ಅದನ್ನ ಪಬ್ಲಿಕ್ ಕ್ಲೌಡ್‌ಗೆ ಸಾಗಿಸ್ತಾ ಇದೀವಿ. ಅಂದ್ರೆ, ಬೇರೆ ಕಂಪನಿಯವರು ಎಲ್ಲೋ ದೂರದಲ್ಲಿ ಇಟ್ಟು ಬಾಡಿಗೆಗೆ ಕೊಡೋ ದೊಡ್ಡ ಕಂಪ್ಯೂಟರ್‌ಗಳಿಗೆ.”

“ಪಬ್ಲಿಕ್ ಅಂದ್ರೆ ಯಾರ್ ಬೇಕಾದ್ರೂ ನುಗ್ಗಬೋದಾ? ಬಸ್‌ಸ್ಟ್ಯಾಂಡ್ ಇದ್ದಂಗೆ?” ರಂಗನಾಯಕನ ಅನುಮಾನ.

“ಬಸ್‌ಸ್ಟ್ಯಾಂಡೇ ಸಾರ್. ಆದ್ರೆ ನಮ್ಮ ಸೀಟಿಗೆ ನಾವೇ ಬೀಗ ಹಾಕ್ಕೋಬಹುದು.”

ವಿಷಯ ಇಷ್ಟು. ಶುಕ್ರವಾರ ಹೆಡ್ ಆಫೀಸಿನವರು ಬಂದು, ಕ್ಲೌಡಿಗೆ ಹೋದೆವೆಂದು ಕಾರ್ಖಾನೆಗೆಲ್ಲ ಮೈಸೂರು ಪಾಕ್ ಹಂಚಿದ್ದರು. ನಿಜಕ್ಕೂ ಕೊನೆಯ ವಾರದ ಲೆಕ್ಕ ಇನ್ನೂ ಹಳೆಯ ಸರ್ವರಿನಲ್ಲೇ ಇತ್ತು. ಸೋಮವಾರ ಅದನ್ನೂ ಮೇಲೇರಿಸಿ, ಆಮೇಲೆ ಯಂತ್ರವನ್ನು ಗುಜರಿಗೆ ಕೊಡಬೇಕಿತ್ತು. ಸೋಮವಾರ ಬಾಗಿಲು ತೆರೆದರೆ ಕಬ್ಬಿಣದ ಚೌಕಟ್ಟು ಖಾಲಿ.

“ಸಿಹಿ ಮೊದಲೇ ಹಂಚಿದ್ದು ನಮ್ಮ ತಪ್ಪು,” ಎಂದಳು ಪವಿತ್ರಾ. “ಆದ್ರೆ ದೂರಿನಲ್ಲಿ ಕಳ್ಳ ಅಂತ ಒಬ್ಬರ ಹೆಸರು ಬರೆಸಿರೋದು ಹೆಡ್ ಆಫೀಸಿನವರು.”

ಆ ಹೆಸರಿನ ಮನುಷ್ಯ ಠಾಣೆಯ ಬೆಂಚಿನ ಮೇಲೇ ಕುಳಿತಿದ್ದ. ಗೇಟಿನ ಕಾವಲುಗಾರ ಕಲ್ಲಯ್ಯ. ಸರ್ವರ್ ರೂಮಿನ ಕೀಲಿ ಇರುತ್ತಿದ್ದುದು ಅವನ ಗೂಡಿನಲ್ಲಿ. ಶನಿವಾರ ಮಧ್ಯಾಹ್ನ ಹಳೆಯ ಕುರ್ಚಿ, ಬ್ಯಾಟರಿ ತುಂಬಿದ ಗೂಡ್ಸ್ ಆಟೋಗಳನ್ನು ಹೊರಗೆ ಬಿಟ್ಟವನೂ ಅವನೇ. ಕ್ಯಾಮೆರಾದ ದೃಶ್ಯ ಉಳಿಸುವ ಪೆಟ್ಟಿಗೆಯನ್ನೂ ಅದೇ ದಿನ ಬಿಚ್ಚಿದ್ದರಿಂದ ಕಣ್ಣಿಗೆ ಕಾಣುವ ಸಾಕ್ಷಿ ಯಾವುದೂ ಇಲ್ಲ. ಅವನನ್ನು ಕಾವಲಿಗೆ ಕಳಿಸಿದ್ದ ಏಜೆನ್ಸಿಯವರು ಬೆಳಿಗ್ಗೆಯೇ ಅವನ ಯೂನಿಫಾರಂ ಬಿಚ್ಚಿಸಿಕೊಂಡಿದ್ದರು. ಯಾರದೋ ಸಡಿಲ ಶರ್ಟು ತೊಟ್ಟು, ತೋಳು ಮಡಚುತ್ತ, ಬಿಡಿಸುತ್ತ ಕುಳಿತಿದ್ದ.

“ಆಟೋದ ಟಾರ್ಪಾಲು ಎತ್ತಿ ನೋಡಿದ್ಯಾ?”

“ಇಲ್ಲ ಮೇಡಂ. ಗುಜರಿ ಅಂದ್ರು, ಬುಟ್ಬುಟ್ಟೆ.”

“ಯಾಕೆ ನೋಡ್ಲಿಲ್ಲ?”

“ಎಲ್ಲಾ ನಮ್ ಜನವೇ ಅಲ್ವಾ ಅಂತ.” ಶರ್ಟಿನ ತೋಳು ಎಳೆದುಕೊಂಡು, “ಕೆಲ್ಸ ಓದ್ರೂ ಓಗ್ಲಿ ಮೇಡಂ. ಕಳ್ಳ ಅನ್ನಿಸ್ಕೊಂಡು ಮನೆಗೆ ಎಂಗೋಗ್ಲಿ?” ಎಂದ.

ಇಂದ್ರಾಣಿ ಅವನಿಗೆ ಒಂದು ಟೀ ತರಿಸಲು ಹೇಳಿ, ಜೀಪು ಹತ್ತಿದರು.

ಸ್ಥಳ ಪಂಚನಾಮೆ 11.15ಕ್ಕೆ ಶುರುವಾಯಿತು. ಬೀಗ ಒಡೆದಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಒಂದು ಸ್ಟೀಲ್ ಲೋಟದಲ್ಲಿ ಹಾಕಿಟ್ಟಿದೆ. ನೆಲ ಗುಡಿಸಿದೆ. ಗೋಡೆಯ ಮೊಳೆಗೆ ದಪ್ಪ ಕಪ್ಪು ವೈರೊಂದು ಸುರುಳಿ ಸುತ್ತಿ ನೇತುಬಿದ್ದಿದೆ.

“ಸರ್ವರಿನ ಪವರ್ ವೈರು,” ಎಂದಳು ಪವಿತ್ರಾ.

“ಅರ್ಜೆಂಟಲ್ಲಿ ಮರ್ತೋಗವ್ನೆ ಬಡ್ಡೀಮಗ,” ಎಂದ ರಂಗನಾಯಕ.

ಇಂದ್ರಾಣಿ ಹತ್ತಿರ ಹೋಗಿ ನೋಡಿದರು. ಸುರುಳಿಯ ನಡುವಿಗೆ ವೈರಿನ ತುದಿಯಿಂದಲೇ ಗಂಟು ಬಿದ್ದಿತ್ತು. ಗಂಟಿನ ಮೇಲೆ ಒಂದು ಬೊಟ್ಟು ಅರಿಶಿನ. ಅವರ ಕೈ ತಾನಾಗಿಯೇ ನಿಂತಿತು. ಬಿಳಿಗೆರೆ ಹತ್ತಿರದ ತವರಿನಲ್ಲಿ, ಕೊಟ್ಟಿಗೆಯ ಗೂಟದ ಮೇಲೆ ಅಪ್ಪ ಹೀಗೆಯೇ ಹಗ್ಗಗಳನ್ನು ತೂಗುಹಾಕುತ್ತಿದ್ದರು. ಹಸುವನ್ನು ಮಾರಿದರೂ ಅದರ ಹಗ್ಗ ಕೊಡುತ್ತಿರಲಿಲ್ಲ. ಕೊಂಡವನು ಹೊಸ ಹಗ್ಗ ತಂದು ಹಿಡಿದುಕೊಂಡು ಹೋಗಬೇಕು. ಹಳೆಯದು ಮನೆಯಲ್ಲಿದ್ದರೆ ಕೊಟ್ಟಿಗೆ ಮತ್ತೆ ತುಂಬುತ್ತದೆಂದು ಅಪ್ಪ ನಂಬಿದ್ದರು. ಎಷ್ಟೋ ವರ್ಷದ ಮೇಲೆ ಆ ಗಂಟು ಕಂಡು ಇಂದ್ರಾಣಿಗೆ ಯಾಕೋ ಅಪ್ಪನಿಗೆ ಕೈ ಮುಗಿಯಬೇಕೆನ್ನಿಸಿತು.

“ಮರ್ತಿಲ್ಲ ರಂಗನಾಯಕ. ಬಿಟ್ಟು ಹೋಗಿದಾನೆ. ಈ ಕಂಪನಿಗೆ ಒಳ್ಳೇದಾಗ್ಲಿ ಅನ್ನೋ ಕಳ್ಳ ಇವನು.”

“ಅಂಗಾರೆ ದನ ಕಟ್ದೋನೇ,” ಎಂದ ರಂಗನಾಯಕನಿಗೂ ಹೊಳೆಯಿತು. “ಆದ್ರೆ ಮೇಡಂ, ಇದು ಹಿಂಡಿ ಕಂಪ್ನಿ. ಇಲ್ಲಿ ದನ ಕಟ್ದೇ ಇರೋರ್‍ನ ಉಡುಕೋದೇ ಕಷ್ಟ.”

ಇಂದ್ರಾಣಿ ಪವಿತ್ರಾ ಕಡೆ ತಿರುಗಿದರು. “ಮನೇಲಿರೋ ವೈರು ಆ ಸರ್ವರಿಗೆ ಆಗುತ್ತಾ?”

“ಆಗಲ್ಲ ಮೇಡಂ. ಇದರ ಪಿನ್ನೇ ಬೇರೆ. ಸಾಮಾನ್ಯ ಅಂಗಡೀಲಿ ಸಿಗಲ್ಲ.”

“ಹಾಗಾದ್ರೆ ಹೊಸ ಹಗ್ಗ ಕೇಳ್ಕೊಂಡು ಎಲ್ಲಿಗಾದ್ರೂ ಹೋಗೇ ಇರ್ತಾನೆ.”

ನಂಜನಗೂಡಿನ ಅಂಗಡಿಗಳಲ್ಲಿ ಯಾರೂ ಕೇಳಿರಲಿಲ್ಲ. ಸಂಜೆ 4.30ಕ್ಕೆ ತಿ. ನರಸೀಪುರದ ಬಸ್ ನಿಲ್ದಾಣದ ಬಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ರಂಗನಾಯಕ ವೈರಿನ ಫೋಟೋ ತೋರಿಸಿದ. ಅಂಗಡಿಯ ಕಿರಣ್ ನೋಡಿದ್ದೇ ತಡ, “ಅಯ್ಯೋ, ಇದೇ ಕಣಣ್ಣ! ನೆನ್ನೆ ಒಬ್ರು ಕೇಳುದ್ರು. ನಮ್ಮತ್ರ ಇರ್ನಿಲ್ಲ, ಮೈಸೂರಿಂದ ತರಿಸ್ತೀನಿ ಅಂದೆ,” ಎಂದ.

“ಯಾರು?”

“ಹೆಸ್ರು ಗೊತ್ತಿಲ್ಲ. ಸೊಂಟ ಸ್ವಲ್ಪ ಓರೆ. ಬಂದ್ಮೇಲೆ ಫೋನ್ ಮಾಡಪ್ಪ ಅಂತ ನಂಬರ್ ಕೊಟ್ಟವ್ರೆ.”

ಇಂದ್ರಾಣಿ ಆ ನಂಬರನ್ನು ಪವಿತ್ರಾಗೆ ಫೋನಿನಲ್ಲಿ ಓದಿ ಹೇಳಿದರು. ಅವಳು ತನ್ನ ಪಟ್ಟಿಯಲ್ಲಿ ಹುಡುಕಿ, “ಪುಟ್ಟರಾಜಣ್ಣ. ಸರ್ವರ್ ರೂಮ್ ನೋಡ್ಕೊಳ್ಳೋರು. ಶನಿವಾರದಿಂದ ರಜೆ. ಊರು ಸೋಸಲೆ,” ಎಂದಳು.

ಸೋಸಲೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಅವನ ತಾಯಿ ಸಾಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಡುಮನೆಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಸರ್ವರ್, ಅದರ ಮೇಲೆ ಎರಡು ಸೇವಂತಿಗೆ. ಪುಟ್ಟರಾಜು ಪೊಲೀಸರನ್ನು ಕಂಡು ಓಡಲಿಲ್ಲ. ಹೆಗಲ ಟವೆಲು ತೆಗೆದು ಎದ್ದು ನಿಂತ.

“ಇದು ಯಾರದ್ದು?”

“ಕಂಪ್ನೀದು ಸಾ... ಮೇಡಂ.”

“ಹೇಗೆ ತಂದೆ?”

“ಗುಜರಿ ಆಟೋದಲ್ಲಿ. ಎತ್ತಿ ಕೊಟ್ಟೋರಿಗೂ ಗುಜರಿ ಅಂತ್ಲೇ ಯೋಳಿದ್ದೆ.”

“ಕೀಲಿ?”

“ಕಲ್ಲಯ್ಯ ಟೀ ಕುಡಿಯಕೋಗಿದ್ದಾಗ ಗೂಡಿಂದ ತಕ್ಕಂಡೆ.”

“ಕಲ್ಲಯ್ಯ ಈಗ ಎಲ್ಲಿದಾನೆ ಗೊತ್ತಾ? ಠಾಣೇಲಿ. ಈ ಕಳ್ಳತನ ಅವನ ತಲೆ ಮೇಲಿದೆ.”

ಪುಟ್ಟರಾಜು ಒಂದು ಹೆಜ್ಜೆ ಮುಂದೆ ಬಂದ. “ಕಲ್ಲಯ್ಯನ್ನಾ? ಅವನ್ಗೇನೂ ಗೊತ್ತಿಲ್ಲ! ಮೊದ್ಲು ಅದ್ನ ಬರ್ಕೊಳಿ ಮೇಡಂ. ಮಿಕ್ಕಿದ್ದು ಆಮೇಲೆ ಕೇಳೀರಂತೆ.”

ರಂಗನಾಯಕ ಮೊದಲು ಅದನ್ನೇ ಬರೆದುಕೊಂಡ.

“ಮಾರೋಕೆ ತಂದ್ಯಾ?”

“ಅಯ್ಯೋ, ಇದ್ನ ಮಾರ್ತೀನಾ!” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಮೂಟೆ ಒರ್ತಿದ್ದೆ ಮೇಡಂ ನಾನು. ಸೊಂಟ ಮುರೀತು. ಆಗಿದ್ದ ಮ್ಯಾನೇಜರು, ಈ ಪೆಟ್ಗೆ ಕಾಯ್ಕೊಂಡು ಕೂತ್ಕಳೋ, ಬಿಸಿಯಾದ್ರೆ ಕೂಗು ಅಂದ್ರು. ಅಲ್ಲಿಂದ ಇಲ್ಲಿಗಂಟ ಇದೇ ಅನ್ನ ಆಕ್ತು. ಶುಕ್ರವಾರ ಸ್ವೀಟ್ ಕೊಟ್ಟು, ಎಲ್ಲಾ ಮೇಲಕ್ಕೋಯ್ತು, ಸೋಮವಾರ ಇದ್ರ ಒಟ್ಟೆಗೆ ಡ್ರಿಲ್ಲಿಂಗ್ ಮಿಷನ್ನಲ್ಲಿ ತೂತೊಡ್ದು ಬಿಸಾಕ್ತೀವಿ ಅಂದ್ರು. ಕೆಲ್ಸ ಮುಗೀತಲ್ಲ, ಮನೇಗೆ ಕರ್ಕೊಂಡೋಗವ ಅಂತ...”

“ಕೇಳಬಹುದಿತ್ತಲ್ಲ?”

“ಕೇಳುದ್ರೆ ಕೊಡಾಕಿಲ್ಲ ಅಂತ ಗೊತ್ತಿತ್ತು. ತಪ್ಪೇ ಮೇಡಂ.”

“ಆನ್ ಮಾಡಿದ್ಯಾ?”

“ವೈರೇ ಸಿಕ್ಕಿಲ್ವಲ್ಲ. ಇದ್ರ ದೀಪ ಒಂದ್ಸಲ ಅತ್ಕೊಳ್ಳೋದ್ನ ಅವ್ವನಿಗೆ ತೋರ್ಸವ ಅಂತಿದ್ದೆ.”

ಜಗಲಿಯಿಂದಲೇ ಸಾಕಮ್ಮ, “ನಾನ್ ಯೋಳ್ದೆ ತಾಯಿ, ಕೇಳ್ದೇ ತಂದದ್ದು ಮನೇಲಿ ನಿಲ್ಲಾಕಿಲ್ಲ ಕಣ್ಲಾ ಅಂತ. ಕೇಳ್‌ನಿಲ್ಲ ಮೂದೇವಿ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸಂಜೆ 6.10ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಪುಟ್ಟರಾಜುವನ್ನು ನೌಕರನಿಂದಾದ ಕಳವು ಎಂಬ ಕಲಮಿನಡಿ ಬಂಧಿಸಿ ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಎಫ್‌ಐಆರ್‌ನಲ್ಲಿದ್ದ ಕಲ್ಲಯ್ಯನ ಹೆಸರನ್ನು ಕೈಬಿಡುವಂತೆ ವರದಿಯೂ ಅದೇ ದಿನ ಹೋಯಿತು. ನ್ಯಾಯಾಲಯದ ಅನುಮತಿ ಪಡೆದು ಪವಿತ್ರಾ ಕೊನೆಯ ವಾರದ ಲೆಕ್ಕವನ್ನು ಕ್ಲೌಡಿಗೆ ಏರಿಸಿದಳು. ಒಂದಂಕಿಯೂ ಕೆಟ್ಟಿರಲಿಲ್ಲ. ಲೆಕ್ಕ ಸಿಗದೆ ನಿಂತಿದ್ದ ಲಾರಿಗಳು ಹೊರಟವು. ಆ ಸಂಜೆ ಅವಳು ಠಾಣೆಗೆ ಬಂದು ಹೇಳಿದ್ದು ಇಷ್ಟೇ: “ಅಷ್ಟು ಜೋಪಾನವಾಗಿ ಯಾರೂ ಕದಿಯಲ್ಲ ಮೇಡಂ. ನಾವೇ ಸಾಗಿಸಿದ್ರೂ ಎಲ್ಲಾದ್ರೂ ಎತ್ತಿ ಹಾಕ್ತಿದ್ವಿ.”

ಪುಟ್ಟರಾಜುವಿಗೆ ಜಾಮೀನಾಯಿತು. ಹೊಣೆ ನಿಂತವನು ಕಲ್ಲಯ್ಯ.

“ನಿನ್ನ ಯೂನಿಫಾರಂ ಬಿಚ್ಚಿಸ್ದೋನಿಗೆ ನೀನೇ ಜಾಮೀನಾ?” ಎಂದು ರಂಗನಾಯಕ ಛೇಡಿಸಿದ.

“ಅವ್ನ್ ಬಾಯ್ ಮುಚ್ಕೊಂಡಿದ್ರೆ ನಾನ್ ಒಳಗಿರ್ತಿದ್ದೆ ಸಾ. ಮೊದ್ಲು ನನ್ ಎಸ್ರನ್ನೇ ಬುಡ್ಸವ್ನೆ. ಅದ್ಕೆ ನಾನೇನ್ ಕೊಟ್ರೂ ಕಮ್ಮಿಯೇ.”

ತನಿಖೆ ಮುಗಿಸಿ ಇಂದ್ರಾಣಿ ಬರೆದ ಕೊನೆಯ ವರದಿಯಲ್ಲಿ ಉದ್ದೇಶ ಎಂಬ ಜಾಗಕ್ಕೆ ಲಾಭ, ದ್ವೇಷ ಎಂಬ ಮಾತು ಹೊಂದಲಿಲ್ಲ. ‘ಆರೋಪಿಯು ಸದರಿ ಯಂತ್ರದ ಋಣ ತನ್ನ ಮೇಲಿದೆಯೆಂದು ಭಾವಿಸಿ’ ಎಂದು ಬರೆದು, ಕಾನೂನಿಗೆ ಇದು ಸಾಲದೆಂದು ಗೊತ್ತಿದ್ದೂ ಹೊಡೆದುಹಾಕಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಹಿಗಾಗಿ ಅವರು ಮತ್ತೆ ಕಾರ್ಖಾನೆಗೆ ಹೋದರು. ಗೇಟಿನಲ್ಲಿ ಕಲ್ಲಯ್ಯ, ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ, ಸೆಲ್ಯೂಟ್ ಹೊಡೆದು ಜೀಪಿಗೆ ಅಡ್ಡ ನಿಂತ. “ಕ್ಷಮ್ಸಿ ಮೇಡಂ, ಇಂದ್ಗಡೆ ಟಾರ್ಪಾಲು ಎತ್ತಿ ನೋಡ್ಬೇಕು.” ನೋಡಿದ. ಆಮೇಲೆಯೇ ಬಿಟ್ಟ.

ಸರ್ವರ್ ರೂಮು ಹೆಂಗಸರು ಊಟಕ್ಕೆ ಕೂರುವ ಕೋಣೆಯಾಗುತ್ತಿತ್ತು. ಸುಣ್ಣ ಬಳಿಯುತ್ತಿದ್ದವನು ಗೋಡೆ ಕಡೆ ಕೈ ತೋರಿ ಪವಿತ್ರಾಳನ್ನು ಕೇಳಿದ:

“ಮೇಡಂ, ಈ ವೈರು ಬಿಸಾಕ್ಲಾ?”

ಅಂದು ಸಾಕ್ಷಿಯೆಂದು ಜಪ್ತಿಯಾಗಿ, ಆಮೇಲೆ ಪವಿತ್ರಾ ಮುಚ್ಚಳಿಕೆ ಬರೆದುಕೊಟ್ಟು ಠಾಣೆಯಿಂದ ಬಿಡಿಸಿಕೊಂಡು ಬಂದಿದ್ದ ಅದೇ ವೈರು. ಪವಿತ್ರಾ ಇಂದ್ರಾಣಿಯ ಮುಖ ನೋಡಿದಳು.

“ಬೇಡ,” ಎಂದಳು. “ಅದು ಅಲ್ಲೇ ಇರ್ಲಿ.”

ಅವನು ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಮೊಳೆಯ ಸುತ್ತ ನಿಧಾನವಾಗಿ ಸುಣ್ಣ ಬಳಿದ. ಗೋಡೆ ಒಣಗಿದ ಮೇಲೆ, ಗಂಟು ಬಿಚ್ಚದಂತೆ ಅದನ್ನು ಮತ್ತೆ ಅಲ್ಲಿಗೇ ತೂಗುಹಾಕಿದ.