ಎದ್ದು ನಿಂತ ತಗಡು

ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಒಬರ್‌ಡ್ರಾವ್ ಠಾಣೆಗೆ ದೂರು ಬಂತು. ಹ್ಯಾಂಬರ್ಗ್‌ನಿಂದ ರಾತ್ರಿಯಿಡೀ ಓಡಿ ಬಂದ ರೈಲಿನಲ್ಲಿ ಪ್ರಯಾಣಿಕರ ವಾಹನ ಸಾಗಿಸುವ ಬೋಗಿಯಿಂದ ಒಂದು ಮೋಟಾರ್‌ಸೈಕಲ್ ಕಳುವಾಗಿದೆ. ದೂರುದಾರ ಹೆಲ್ಮುಟ್ ಪ್ರಾಸ್ನಿಗ್. ನಿಲ್ದಾಣದಲ್ಲಿ ವಾಹನ ಹತ್ತಿಸಿ ಇಳಿಸುವ ಗುತ್ತಿಗೆಯೂ ಅವನದೇ. ಎಫ್‌ಐಆರ್‌ನ ಶಾಯಿ ಆರುವ ಮೊದಲೇ ಇನ್‌ಸ್ಪೆಕ್ಟರ್ ಗೆರ್ಲಿಂಡೆ ಮೊಷಿಟ್ಸ್ ಮತ್ತು ಕಾನ್‌ಸ್ಟೆಬಲ್ ಉರ್ಬಾನ್ ಹೊರಟಿದ್ದರು. ಗುತ್ತಿಗೆದಾರನ ಗಾಡಿ ಕಳುವಾದರೆ ಪೊಲೀಸರ ಕಾಲಿಗೆ ಚಕ್ರ ಬರುತ್ತದೆ.

"ಕೀ ಎಲ್ಲಿತ್ತು?" ರೈಲು ನಿಲ್ದಾಣದಲ್ಲಿ ಇನ್‌ಸ್ಪೆಕ್ಟರ್ ಕೇಳಿದಳು.

"ಗಾಡೀಲೇ. ನಾನು ಕಾಫಿ ಕುಡೀತಿದ್ದೆ. ನನ್ನ ಗಾಡೀನ ನನ್ನ ಆಳುಗಳೇ ಇಳಿಸೋದು," ಎಂದ ಪ್ರಾಸ್ನಿಗ್.

"ಇವತ್ತು ಯಾರು ಇಳಿಸಿದ್ರು?"

"ಅದನ್ನ ಹೇಳ್ಲಿ ಅಂತಾನೇ ನಿಮ್ಮನ್ನ ಕರೆಸಿದ್ದು."

ಇಳಿಸುವ ಆಳುಗಳ ಮೇಸ್ತ್ರಿ ಅಲೋಯ್ಸ್‌ನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಸಾಲಲ್ಲಿ ಮೊದಲ್ನೇ ಗಾಡಿ ಅದು ಮೇಡಂ. ಅದು ಇಳೀದೆ ಹಿಂದಿನವು ಅಲ್ಲಾಡಲ್ಲ. ಯಾರೋ ಹತ್ತಿ ಹೊರಟ್ರು, ಸದ್ಯ ಅಂದ್ಕೊಂಡೆ."

"ಮುಖ ನೋಡ್ಲಿಲ್ವಾ?"

"ಬೋಗಿ ಸೂರು ನೆತ್ತಿಗೆ ಬಡಿಯುತ್ತೆ. ಎಲ್ರೂ ಹೆಲ್ಮೆಟ್ ಹಾಕ್ಕೊಂಡೇ ಇಳೀಬೇಕು. ಇಲ್ಲಿ ಮುಖ ಇರೋದು ನನಗೊಬ್ನಿಗೇ. ಅದನ್ನೂ ಯಾರೂ ನೋಡಲ್ಲ."

ಪಂಚನಾಮೆ ಶುರುವಾಯಿತು. ಟೇಪು ಹಿಡಿದು ಬೋಗಿಯಿಂದ ಗಾಡಿ ಇಳಿಸುವ ಇಳಿಜಾರಿಗೆ ಕಾಲಿಟ್ಟ ಉರ್ಬಾನ್ ಮುಗ್ಗರಿಸಿ ಮಂಡಿಯೂರಿದ. ಬೋಗಿಗೂ ಇಳಿಜಾರಿಗೂ ನಡುವೆ ಹಾಸಿದ ಕಬ್ಬಿಣದ ತಗಡಿನ ಒಂದು ಅಂಚು ಮುರಿದು ಮೇಲಕ್ಕೆದ್ದಿತ್ತು.

"ಅಳತೆ ತಗೋ, ಬರಿ," ಎಂದಳು ಇನ್‌ಸ್ಪೆಕ್ಟರ್.

"ಕಳ್ಳತನಕ್ಕೂ ಅದಕ್ಕೂ ಏನ್ ಸಂಬಂಧ? ಸೋಮವಾರ ಅದನ್ನ ಬದಲಾಯಿಸ್ತಿದೀನಿ," ಪ್ರಾಸ್ನಿಗ್ ಅಡ್ಡ ಬಂದ.

"ಸ್ಥಳ ಅಂದ್ಮೇಲೆ ಸ್ಥಳದಲ್ಲಿರೋದೆಲ್ಲ ಬರುತ್ತೆ. ಸಹಿ ಹಾಕಿ. ಬೇಡ ಅಂದ್ರೆ ಗಾಡಿ ಹುಡುಕೋದನ್ನೂ ಬಿಡ್ತೀವಿ."

ಪ್ರಾಸ್ನಿಗ್ ಸಹಿ ಹಾಕಿ ಮತ್ತೆ ಕಾಫಿಗೆ ಹೋದ. ಅವನು ಮರೆಯಾದ ಮೇಲೆ ಅಲೋಯ್ಸ್ ತಗ್ಗಿದ ದನಿಯಲ್ಲಿ ಹೇಳಿದ: "ಮಾರ್ಚಲ್ಲಿ ನಮ್ಮ ಜೊತೆ ಕೆಲಸಕ್ಕಿದ್ದ ಸೆನಾದ್ ಎಡವಿದ್ದೂ ಇಲ್ಲೇ. ಗಾಡಿ ಮೈಮೇಲೆ ಬಿತ್ತು, ಸೊಂಟ ಹೋಯ್ತು. ಕುಡಿದು ಬಿದ್ದ ಅಂತ ಯಜಮಾನ್ರು ಬರೆದ್ರು. ಪರಿಹಾರ ಇಲ್ಲ. ಅವನು ಜನ್ಮದಲ್ಲಿ ಕುಡಿದೋನಲ್ಲ."

ಇನ್‌ಸ್ಪೆಕ್ಟರ್ ಬೋಗಿಯೊಳಗೆ ಹೋದಳು. ಮೋಟಾರ್‌ಸೈಕಲ್‌ಗಳನ್ನು ಬಿಗಿದಿದ್ದ ಪಟ್ಟಿಗಳು ಎಲ್ಲೆಂದರಲ್ಲಿ ಹಾವಿನಂತೆ ಬಿದ್ದಿದ್ದವು. ಮೊದಲ ಗಾಡಿ ನಿಂತಿದ್ದ ಜಾಗದಲ್ಲಿ ಮಾತ್ರ ನಾಲ್ಕೂ ಪಟ್ಟಿಗಳನ್ನು ಕೊಕ್ಕೆ ಒಳಗಾಗುವಂತೆ ಬಿಗಿಯಾಗಿ ಸುತ್ತಿ ಕಂಬಕ್ಕೆ ನೇತುಹಾಕಲಾಗಿತ್ತು.

"ಇದ್ಯಾರು ಸುತ್ತಿದ್ದು?"

"ನಮ್ಮೋರಲ್ಲ. ಐವರ ಕೆಲಸ ಇಬ್ರು ಮಾಡ್ತೀವಿ, ಸುತ್ತೋಕೆ ಪುರುಸೊತ್ತೆಲ್ಲಿ?"

"ಪುರುಸೊತ್ತಿದ್ದಾಗ ಯಾರು ಸುತ್ತುತ್ತಿದ್ರು?"

ಅಲೋಯ್ಸ್ ಕೈಗವಸು ಬಿಚ್ಚಿದ, ಮತ್ತೆ ಹಾಕಿಕೊಂಡ.

"ಸೆನಾದ್ ಕಲಿಸಿದ್ದು ಅದು," ಎಂದ ಕೊನೆಗೆ. "ಅವನೂ, ಅವನ ತಂಗಿ ಅಜ್ರಾನೂ ಹಾಗೆ ಸುತ್ತೋರು. ಬಾಯಿ ಜೋರು ಅಂತ ಏಪ್ರಿಲಲ್ಲಿ ಅವಳನ್ನ ಓಡಿಸಿದ್ರು."

ಹತ್ತೂವರೆಗೆ ಪೊಲೀಸರು ನದಿಯಾಚೆಯ ಬಾಡಿಗೆ ಮನೆಗಳ ಅಂಗಳದಲ್ಲಿದ್ದರು. ಮೋಟಾರ್‌ಸೈಕಲ್ ಬಯಲಲ್ಲೇ ನಿಂತಿತ್ತು. ಒಂದು ಗೀರೂ ಇರಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಅಜ್ರಾ ಕುಳಿತಿದ್ದಳು. ಹೆಲ್ಮೆಟ್ ತೊಡೆಯ ಮೇಲೆ, ಕೈಯಲ್ಲಿ ತಾಮ್ರದ ಕಾಫಿ ಪಾತ್ರೆ. ಮೇಲಿನ ಕಿಟಕಿಯಲ್ಲಿ ಗಾಲಿಕುರ್ಚಿಯ ಸೆನಾದ್.

"ತಡ ಮಾಡಿದ್ರಿ. ಕಾಫಿ ಆರಿಹೋಯ್ತು," ಎಂದಳು ಅಜ್ರಾ.

"ಮೇಡಂ, ನಾನು ಬೇಡ ಅಂದೆ. ಇವಳು ಕೇಳೋ ಪೈಕಿ ಅಲ್ಲ," ಸೆನಾದ್ ಮೇಲಿನಿಂದ ಕೂಗಿದ.

"ನೀನು ಸುಮ್ನಿರಣ್ಣ." ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ತಗಡಿನ ಅಳತೆ ತಗೊಂಡ್ರಾ?"

"ತಗೊಂಡ್ವಿ."

"ಎಷ್ಟು ಎದ್ದಿದೆ?"

"ನಾಲ್ಕು ಬೆರಳು."

"ಬರೆದ್ರಾ?"

"ಬರೆದಿದೀವಿ. ಕೆಳಗೆ ಪ್ರಾಸ್ನಿಗ್ ಸಹಿ ಇದೆ."

ಅಜ್ರಾ ನಗಲಿಲ್ಲ. ಕಾಫಿ ಪಾತ್ರೆಯನ್ನು ಕೆಳಗಿಟ್ಟು ಎರಡೂ ಕೈ ಚಾಚಿದಳು.

"ನಿಮ್ಮ ಠಾಣೆಗೆ ಮೂರು ಸಲ ಬಂದೆ ಮೇಡಂ. ಅಪಘಾತ ನಮಗೆ ಬರಲ್ಲ ಅಂದ್ರಿ. ಮನುಷ್ಯ ಬಿದ್ದಾಗ ಬರಲಿಲ್ಲ. ಗಾಡಿ ಹೋಯ್ತು ಅಂದಾಗ ಟೇಪು ಹಿಡ್ಕೊಂಡು ಓಡಿಬಂದ್ರಿ."

ಆ ಮೂರು ಸಲವೂ ಠಾಣೆಯ ಬಾಗಿಲಲ್ಲಿ ಕೂತು ಅವಳನ್ನು ವಾಪಸ್ ಕಳಿಸಿದವನು ಉರ್ಬಾನ್. ಅವನು ಅವಳ ಕೈಗೆ ಕೋಳ ತೊಡಿಸುತ್ತ ಅದರ ಬೀಗವನ್ನೇ ನೋಡಿದ.

ಮಧ್ಯಾಹ್ನ ಪ್ರಾಸ್ನಿಗ್ ವಕೀಲನೊಂದಿಗೆ ಠಾಣೆಗೆ ಬಂದ. ಈಗ ಅವನ ಮಾತಿಗೆ ಬೆಣ್ಣೆ ಹಚ್ಚಿತ್ತು. "ಗಾಡಿ ಸಿಕ್ತಲ್ಲ ಮೇಡಂ. ಪಾಪ, ಹೆಣ್ಣುಮಗಳು. ದೂರು ವಾಪಸ್ ತಗೋತೀನಿ. ಆ ಪಂಚನಾಮೆ ಕಾಗದಾನೂ ಹರಿದುಹಾಕಿ."

ಲಾಕಪ್‌ನೊಳಗಿಂದ ಅಜ್ರಾಳ ದನಿ ಬಂತು. "ಒಪ್ಪಬೇಡಿ ಮೇಡಂ. ನನ್ನ ಮೇಲೆ ಕೇಸ್ ಹಾಕಿ. ಕೇಸ್ ಇಲ್ಲ ಅಂದ್ರೆ ಆ ಅಳತೆಯೂ ಇಲ್ಲ. ಜೈಲಿಗೆ ಹೋಗ್ತೀನಿ, ಆದ್ರೆ ಕೋರ್ಟಲ್ಲಿ ಅದನ್ನ ಓದಬೇಕು."

"ಎಫ್‌ಐಆರ್ ಆಗಿದೆ," ಇನ್‌ಸ್ಪೆಕ್ಟರ್ ಪ್ರಾಸ್ನಿಗ್‌ಗೆ ಹೇಳಿದಳು. "ಹರಿಯೋಕೆ ಅದು ರೈಲಿನ ಟಿಕೆಟ್ ಅಲ್ಲ." ಆಮೇಲೆ ಉರ್ಬಾನ್‌ನನ್ನು ಕರೆದಳು. "ಕಳುವಾದ ಗಾಡಿ ಆ ತಗಡಿನ ಮೇಲೇ ಇಳಿದಿದೆ. ಟೈರಿನ ಗುರುತಿದೆ. ಈಗಲೇ ಹೋಗಿ ಬಿಚ್ಕೊಂಡು ಬಾ. ಜಪ್ತಿ ಅಂತ ಬರಿ."

"ಈಗಲೇನಾ ಮೇಡಂ?"

"ಸೋಮವಾರಕ್ಕೆ ಕಾಯ್ತೀಯಾ?"

ಬಂಧನದ ವರದಿಯಲ್ಲಿ ಉದ್ದೇಶ ಎಂಬ ಅಂಕಣವನ್ನು ಇನ್‌ಸ್ಪೆಕ್ಟರ್ ತಾನೇ ತುಂಬಿದಳು. ಬರೆದದ್ದು ಇಷ್ಟು: ಆರೋಪಿಗೆ ವಾಹನ ಬೇಕಿರಲಿಲ್ಲ, ಪೊಲೀಸರು ಬೇಕಿದ್ದರು.

ಸಂಜೆ ಉರ್ಬಾನ್ ಇಬ್ಬರ ಸಹಾಯದಿಂದ ತಗಡನ್ನು ಹೊತ್ತು ತಂದು ಠಾಣೆಯ ಅಂಗಳದಲ್ಲಿ ಮೋಟಾರ್‌ಸೈಕಲ್ ಪಕ್ಕದಲ್ಲಿ ನಿಲ್ಲಿಸಿ ಅರಗಿನ ಮುದ್ರೆ ಒತ್ತಿದ. ಸರಳಿನ ಹಿಂದೆ ನಿಂತ ಅಜ್ರಾ ಮೋಟಾರ್‌ಸೈಕಲ್ ಕಡೆ ಕಣ್ಣೆತ್ತಲಿಲ್ಲ.

"ಸ್ವಲ್ಪ ಈ ಕಡೆ ತಿರುಗಿಸಣ್ಣ," ಎಂದಳು ಉರ್ಬಾನ್‌ಗೆ. "ಮುರಿದ ಅಂಚು ಎಲ್ರಿಗೂ ಕಾಣ್ಲಿ."

ಉರ್ಬಾನ್ ತಿರುಗಿಸಿದ.