ಒಂದರಿಂದ ನಾಲ್ಕರವರೆಗೆ

ಆ ಬೋರ್ಡು ಬರೆದದ್ದು ನಾನು. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದ ದಿನ ನಾನದನ್ನು ಹೇಳಲಿಲ್ಲ.

ಪುಣೆಯ ಸದಾಶಿವ ಪೇಟೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೂ ಮಲಗುತ್ತವೆ. ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಉಪಸಂಪಾದಕನಾದ ನನಗೆ ನಿದ್ದೆ ಎಂದರೆ ಆ ಮೂರು ಗಂಟೆಗಳೇ. ಜೂನ್ ತಿಂಗಳಲ್ಲಿ ನೆಲಮಹಡಿಗೆ ಹೊಸ ಬಾಡಿಗೆದಾರರು ಬಂದರು, ಜೊತೆಗೊಂದು ನಾಯಿಯೂ ಬಂತು. ಅದು ಸರಿಯಾಗಿ ಆ ಹೊತ್ತಿನಲ್ಲೇ ಬೊಗಳುತ್ತಿತ್ತು.

ನಮ್ಮೂರಿನವರು ಸಿಟ್ಟು ಬಂದರೆ ಜಗಳವಾಡುವುದಿಲ್ಲ, ಬೋರ್ಡು ಬರೆದು ತೂಗುಹಾಕುತ್ತಾರೆ. ಗೇಟಿನೆದುರು ಸ್ಕೂಟರ್ ನಿಲ್ಲಿಸುವವರಿಗೆ ಒಂದು, ಬೆಲ್ ಎರಡು ಸಲ ಒತ್ತುವವರಿಗೆ ಒಂದು. ಕೆಳಗೆ ಹೆಸರು ಹಾಕುವುದಿಲ್ಲ. ಕಟ್ಟಡದ ಬೋರ್ಡುಗಳನ್ನೆಲ್ಲ ಎರಡನೇ ಮಹಡಿಯಲ್ಲಿರುವ ನಾನೇ ಬರೆಯುತ್ತಿದ್ದೆ. ಕಾರ್ಯದರ್ಶಿ ಭಾಲೇರಾವ್ ಕಾಕಾ ಈ ಗುಟ್ಟನ್ನು ಹೆಮ್ಮೆಯಿಂದ ಕಾಪಾಡುತ್ತಿದ್ದರು.

ಮೂರನೇ ವಾರ ನೆಲಮಹಡಿಯ ಬಾಗಿಲ ಪಕ್ಕ ಹೀಗೊಂದು ತೂಗಿತು: ‘ಈ ಮನೆಯಲ್ಲಿ ನಾಯಿಗೆ ಬಾಯಿ ಇದೆ, ಮನುಷ್ಯರಿಗೆ ಕಿವಿ ಇಲ್ಲ. ಒಂದರಿಂದ ನಾಲ್ಕರವರೆಗೆ ಎರಡರಲ್ಲೊಂದನ್ನಾದರೂ ಸರಿಪಡಿಸಿಕೊಳ್ಳಿ.’

ಸಂಜೆಯೊಳಗೆ ಅದರ ಫೋಟೊ ಊರಿಡೀ ಮೊಬೈಲುಗಳಲ್ಲಿ ಓಡಾಡಿತು. ಆಫೀಸಿನಲ್ಲಿ ಗೆಳೆಯನೊಬ್ಬ ನನಗೇ ಅದನ್ನು ತೋರಿಸಿ ನಕ್ಕ. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಬೋರ್ಡಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸು, ನೀಲಿ ಹತ್ತಿ ಕುರ್ತಾ, ಕಿವಿ ಮುಚ್ಚುವಂತೆ ಬಿಟ್ಟ ಕೂದಲು. ಪಕ್ಕದಲ್ಲಿ ಕಂದುಹಳದಿ ಬಣ್ಣದ ನಾಯಿ ಬಾಲವಾಡಿಸುತ್ತಿತ್ತು.

“ಅಕ್ಷರ ತುಂಬಾ ಚೆನ್ನಾಗಿದೆ,” ಎಂದಳು. “ಯಾರದು, ಗೊತ್ತಾ?”

“ಇಲ್ಲ,” ಎಂದೆ.

ಹನ್ನೆರಡು ವರ್ಷ ಪತ್ರಿಕೆಯಲ್ಲಿದ್ದರೂ ಇಷ್ಟು ಚಿಕ್ಕ, ಇಷ್ಟು ಸಲೀಸಾದ ಸುಳ್ಳನ್ನು ನಾನು ಎಲ್ಲೂ ಕಂಡಿರಲಿಲ್ಲ.

ಅವಳು ಅನಘಾ ದಾಂಡೇಕರ್. ಮನೆಯಲ್ಲೇ ಕುಳಿತು ಜರ್ಮನ್ ಯಂತ್ರಗಳ ಕೈಪಿಡಿಗಳನ್ನು ಮರಾಠಿಗೆ ಅನುವಾದಿಸುತ್ತಾಳೆ. ನಾಯಿಯ ಹೆಸರು ಚಿವ್ಡಾ. ನಾನು ಮಾತಾಡುವಾಗ ಅವಳು ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದಳು. ಒಂದು ಕ್ಷಣವೂ ನೋಟ ಕದಲಿಸದೆ, ತುಸು ತಲೆ ವಾಲಿಸಿ. ನಾನು ಮಾತು ಮುಗಿಸಿದರೆ ನೋಟ ಮೇಲಕ್ಕೇರಿ ಒಮ್ಮೆ ನಗುತ್ತಿತ್ತು, ಮತ್ತೆ ಕೆಳಗಿಳಿಯುತ್ತಿತ್ತು. ಅಷ್ಟು ಗಮನವಿಟ್ಟು ನನ್ನನ್ನು ಯಾರೂ ನೋಡಿರಲಿಲ್ಲ. ನಾನದಕ್ಕೆ ನನಗೆ ಬೇಕಾದ ಅರ್ಥ ಕೊಟ್ಟುಕೊಂಡೆ. ಮನೆಗೆ ಬಂದು ಎರಡನೇ ಸಲ ಗಡ್ಡ ಬೋಳಿಸಿಕೊಂಡೆ.

“ಮುಂದಿನ ಭಾನುವಾರದ ಮೀಟಿಂಗಲ್ಲಿ ಚಿವ್ಡಾನ ಹೊರಗೆ ಹಾಕ್ಬೇಕು ಅಂತಿದ್ದಾರೆ,” ಎಂದಳು ಮರುದಿನ. “ನಿಜವಾಗ್ಲೂ ಅಷ್ಟೊಂದು ಬೊಗಳ್ತಾನಾ? ನೀವು ಮೇಲಿರೋರು, ನೀವೇ ಹೇಳಿ.”

“ಲೆಕ್ಕ ಇಟ್ಟು ಹೇಳ್ಲಾ?”

“ಬೊಗಳೋದಕ್ಕೂ ಲೆಕ್ಕ ಇಡ್ತೀರಾ?”

“ಪೇಪರ್‌ನೋನು ನಾನು. ಬೇರೇನೂ ಬರಲ್ಲ.”

ನಾಲ್ಕು ದಿನ ನಿದ್ದೆಗೆಟ್ಟು ಸಮಯ ಬರೆದಿಟ್ಟೆ. ದಿನವೂ ಸಂಜೆ ಐದಕ್ಕೆ ಮೂಲೆಯ ಚಹಾ ಅಂಗಡಿಯಲ್ಲಿ ಆ ದಿನದ ಹಾಳೆ ಕೊಡುತ್ತಿದ್ದೆ. ಅವಳು ಗೋಡೆಗೆ ಬೆನ್ನು ಕೊಟ್ಟು, ನನ್ನನ್ನು ಬೆಳಕಿಗೆ ಮುಖ ಮಾಡಿ ಕೂರಿಸುತ್ತಿದ್ದಳು.

“ಯಾಕೆ ಯಾವಾಗ್ಲೂ ನನ್ನನ್ನೇ ಕಿಟಕಿ ಕಡೆ ಕೂರಿಸ್ತೀರಿ?”

“ನಿಮ್ಮ ಮುಖ ಕಾಣ್ಲಿ ಅಂತ.”

“ಅಷ್ಟು ಚೆನ್ನಾಗಿದೆಯಾ?”

“ಮೀಸೆ ಇಲ್ಲ. ನನಗೆ ಅದೇ ಸಾಕು.”

ಆ ಮಾತನ್ನು ನಾನು ಎರಡು ದಿನ ಮೆಲುಕು ಹಾಕಿದೆ. ಅಷ್ಟು ಹೊತ್ತೂ ಬೋರ್ಡು ಅಲ್ಲೇ ತೂಗುತ್ತಿತ್ತು. ಕೆಳಗಿಳಿಸಿದರೆ ಸಿಕ್ಕಿಬೀಳುತ್ತೇನೆಂಬ ಭಯದಿಂದ ತಲೆ ತಗ್ಗಿಸಿ ಅದರ ಮುಂದೆ ಹಾಯ್ದುಹೋಗುತ್ತಿದ್ದೆ.

ಐದನೇ ದಿನ, ಶುಕ್ರವಾರ, ಮೀಟಿಂಗಿಗೆಂದು ನಾಲ್ಕು ದಿನದ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿಕೊಂಡು ಮಧ್ಯಾಹ್ನ ಒಂದೂವರೆಗೆ ಅವಳ ಮನೆ ಬೆಲ್ ಒತ್ತಿದೆ. ಒಳಗೆ ಚಿವ್ಡಾ ಬೊಗಳಿತು, ಬಾಗಿಲು ತೆರೆಯಿತು. ನನ್ನನ್ನು ಕೂರಿಸಿ ಅವಳು ನನಗೆ ಬೆನ್ನು ಮಾಡಿ ಮೇಜಿನ ಮುಂದೆ ಕೂತು ಹಿಂದಿನ ಹಾಳೆಗಳನ್ನು ಹುಡುಕತೊಡಗಿದಳು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಕದಲಲಿಲ್ಲ. ಮತ್ತೆ ಕೂಗಿತು. ಚಿವ್ಡಾ ಅಡುಗೆಮನೆಯ ಬಾಗಿಲಿಗೆ ಓಡಿ ಬೊಗಳಿ, ಹಿಂದಿರುಗಿ ಅವಳ ಮೊಣಕಾಲಿಗೆ ಮೂತಿ ಒತ್ತಿತು. ಅವಳು ತಕ್ಷಣ ಎದ್ದು ಹೋಗಿ ಒಲೆ ಆರಿಸಿದಳು.

“ಅನಘಾ,” ಎಂದೆ, ಅವಳ ಬೆನ್ನಿಗೆ. ಅವಳು ತಿರುಗಲಿಲ್ಲ.

ನನ್ನ ಕೈಯಲ್ಲಿದ್ದ ಹಾಳೆ ನೋಡಿದೆ. 1.10, ಬೆಲ್. 1.25, ಕುಕ್ಕರ್. 2.05, ಫೋನ್. ಸಮಯದ ಪಕ್ಕದಲ್ಲಿ ಸದ್ದನ್ನೂ ನಾನೇ ಬರೆದಿದ್ದೆ. ನಾಲ್ಕು ದಿನದಲ್ಲಿ ಒಂದು ಬೊಗಳಿಕೆಯೂ ಕಾರಣವಿಲ್ಲದ್ದಲ್ಲ. ಪುರಾವೆಯಿಲ್ಲದ ಒಂದು ಸಾಲಿಗೂ ವರದಿಗಾರರನ್ನು ಬೈಯುವ ನಾನು, ಬಾಗಿಲು ತಟ್ಟಿ ಒಂದು ಪ್ರಶ್ನೆಯನ್ನೂ ಕೇಳದೆ ‘ಮನುಷ್ಯರಿಗೆ ಕಿವಿ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಅದು ನಿಜವಾಗಿತ್ತು.

ಅವಳು ತೊವ್ವೆಯಂಥ ವರಣ ಮತ್ತು ಅನ್ನದ ಪಾತ್ರೆ ಹಿಡಿದು ಬಂದಳು. ನನ್ನ ಮುಖ ನೋಡಿ ಪಾತ್ರೆ ಕೆಳಗಿಟ್ಟಳು.

“ಗೊತ್ತಾಯ್ತಾ?” ಎಂದು ಕೂದಲು ಸರಿಸಿ ಖಾಲಿ ಕಿವಿ ತೋರಿಸಿದಳು. “ಕಿವಿಯ ಮಿಷನ್ ದಿನವಿಡೀ ಹಾಕಿದ್ರೆ ಹುಣ್ಣಾಗುತ್ತೆ. ಒಂದರಿಂದ ನಾಲ್ಕು ತೆಗೆದಿಡ್ತೀನಿ. ಆಗ ಇವನೇ ನನ್ನ ಕಿವಿ.”

ನಾನು ಕೈಯಿಂದ ಬಾಯಿ ಮುಚ್ಚಿಕೊಂಡು ಹೇಳಿದೆ. ಬೋರ್ಡಿನ ಮಾತು, ಸುಳ್ಳಿನ ಮಾತು, ಎಲ್ಲ.

“ಕೈ ತೆಗೀರಿ,” ಎಂದಳು. “ಏನೂ ಓದೋಕಾಗ್ತಿಲ್ಲ.”

ಕೈ ತೆಗೆದೆ. ಮೊದಲಿನಿಂದ ಮತ್ತೆ ಹೇಳಬೇಕಾಯಿತು, ನಿಧಾನವಾಗಿ, ಪ್ರತಿ ಅಕ್ಷರವೂ ಅವಳಿಗೆ ಕಾಣುವ ಹಾಗೆ. ಅವಳ ನೋಟ ತುಟಿ ಬಿಟ್ಟು ಕದಲಲಿಲ್ಲ. ಆ ನೋಟವನ್ನು ಇಷ್ಟು ದಿನ ಏನೆಂದುಕೊಂಡಿದ್ದೆ ಎಂಬುದನ್ನೂ ಹೇಳಿದೆ. ಅಲ್ಲಿಗೆ ನನ್ನ ಬಳಿ ಮಾನವೇನೂ ಉಳಿದಿರಲಿಲ್ಲ.

“ಮೊದಲ ದಿನದ ಹಾಳೆ ನೋಡಿದಾಗ್ಲೇ ಗೊತ್ತಾಯ್ತು, ಲಿಮಯೆ. ಅದೇ ಅಕ್ಷರ.”

“ಯಾಕೆ ಹೇಳ್ಲಿಲ್ಲ?”

“ನೀವಾಗೇ ಎಷ್ಟು ದಿನಕ್ಕೆ ಹೇಳ್ತೀರಿ ಅಂತ ನಾನೂ ಲೆಕ್ಕ ಇಟ್ಟಿದ್ದೆ.” ಅವಳು ನಗಲಿಲ್ಲ. “ಆ ಬೋರ್ಡು ಓದಿ ಇಡೀ ರಾತ್ರಿ ಅತ್ತಿದ್ದೀನಿ. ಇಲ್ಲಿ ನನ್ನೊಬ್ಬಳ ಮುಂದೆ ಹೇಳಿದ್ರೆ ಸಾಲದು. ನಕ್ಕೋರ ಮುಂದೆ ಹೇಳಿ. ನನ್ನ ಕಿವಿ ವಿಷಯ ಬೇಡ, ಅದು ನನ್ನದು.”

ಭಾನುವಾರ ಹತ್ತಕ್ಕೆ ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಮೀಟಿಂಗ್ ನಡೆಯಿತು. ನಾನು ಎದ್ದು ಅನಘಾಳ ಕಡೆ ಮುಖ ಮಾಡಿ ನಿಂತೆ.

“ಬೋರ್ಡು ಬರೆದೋನು ನಾನು. ಅದರಲ್ಲಿ ಒಂದನ್ನೂ ವಿಚಾರಿಸಿ ಬರೆದಿಲ್ಲ. ಅವರ ಕ್ಷಮೆ ಕೇಳ್ತೀನಿ.”

“ಅರೆ ಲಿಮಯೆ, ಈ ಕಡೆ ನೋಡಿ ಮಾತಾಡು,” ಎಂದರು ಭಾಲೇರಾವ್ ಕಾಕಾ. “ಕಾರ್ಯದರ್ಶಿ ನಾನು ಇಲ್ಲಿದ್ದೀನಿ.”

“ನಾನು ಅವರಿಗೆ ಹೇಳ್ತಿರೋದು, ಕಾಕಾ.”

ಮುಂದಿನ ಸಾಲಿನಲ್ಲಿದ್ದ ಅನಘಾ ಎದ್ದಳು. ಕಿವಿಯೊಳಗಿಂದ ಬಟಾಣಿಯಷ್ಟು ಯಂತ್ರ ತೆಗೆದು ಭಾಲೇರಾವ್ ಅವರ ಮೇಜಿನ ಮೇಲಿಟ್ಟಳು.

“ಬೋರ್ಡಲ್ಲಿ ಅರ್ಧ ನಿಜ ಇತ್ತು,” ಎಂದಳು. “ಆ ಅರ್ಧಕ್ಕೋಸ್ಕರವೇ ನಾಯಿ. ಈಗ ಹೊರಗೆ ಹಾಕೋದಾದ್ರೆ ಹೇಳಿ. ನಿಧಾನವಾಗಿ ಹೇಳಿ, ನಿಮಗೆ ಮೀಸೆ ಇದೆ.”

ಭಾಲೇರಾವ್ ಕಾಕಾ ಮೀಸೆಯನ್ನು ಎರಡು ಬೆರಳಿನಿಂದ ಮೇಲೆತ್ತಿ ಹಿಡಿದು, “ನಾಯಿ ಇರಲಿ,” ಎಂದರು.

ಹಳೆಯ ಬೋರ್ಡು ಕೆಳಗಿಳಿಸಲು ಹೋದಾಗ ಅವಳು ಹಿಂದೆಯೇ ಬಂದಳು. ನನ್ನ ಕೈಗೆ ಬ್ರಷ್ಷು ಕೊಟ್ಟಳು.

“ಹಿಂಬದಿ ಖಾಲಿ ಇದೆ. ನಾನು ಹೇಳ್ತೀನಿ, ನೀನು ಬರಿ.”

‘ನೀನು’ ಎಂದದ್ದು ಅದೇ ಮೊದಲು. ಮೊದಲ ಸಾಲಿನ ಅಕ್ಷರ ಈಗಲೂ ತುಸು ಸೊಟ್ಟಗೆ ಕಾಣುತ್ತದೆ.

‘ಇಲ್ಲಿ ಬೆಲ್ ಒತ್ತಿದರೆ ನಾಯಿ ಬೊಗಳುತ್ತದೆ. ಬೊಗಳದಿದ್ದರೆ, ಹೊತ್ತು ಯಾವುದೇ ಇರಲಿ, ಎರಡನೇ ಮಹಡಿಯ ಲಿಮಯೆಯನ್ನು ಎಬ್ಬಿಸಿ.’

“ಕೆಳಗೆ ಹೆಸರು ಹಾಕು,” ಎಂದಳು, ನನ್ನ ತುಟಿಯನ್ನಲ್ಲ, ಕಣ್ಣನ್ನು ನೋಡುತ್ತ.

ಹಾಕಿದೆ.