ಬಾಯಿಗೆ ಬಾರದ ಹೆಸರು

ಫೋನಿನ ಗಾಜು ಮತ್ತೆ ಕೆಂಪಾಯಿತು.

"ಪತಿಯ ಹೆಸರು ಹೇಳಿ. ಈ ಜಾಗ ಖಾಲಿ ಬಿಡುವಂತಿಲ್ಲ" ಎಂದು ಅದರೊಳಗಿನ ಹೆಣ್ಣುದನಿ ನಯವಾಗಿ ಹೇಳಿತು. ದುಂಡವ್ವ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ ಹಿಡಿದಿದ್ದಳು. ತುಟಿಗಳನ್ನು ಅದಕ್ಕಿಂತ ಬಿಗಿಯಾಗಿ ಒತ್ತಿ ಹಿಡಿದಿದ್ದಳು.

ಗದಗಿನ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಅವಳದೊಂದು ಮಿರ್ಚಿ ಗಾಡಿ. ಅವಳ ಬಾಣಲೆಯ ವಾಸನೆಗೆ ಡ್ರೈವರಿಲ್ಲದ ಬಸ್ಸುಗಳೂ ತಾವಾಗಿಯೇ ಬ್ರೇಕು ಹಾಕುತ್ತವೆ ಎಂಬುದು ಊರಿನ ಮಾತು. ಒಂದು ಮಿರ್ಚಿ ತಿಂದವನು ಹುಬ್ಬಳ್ಳಿ ಮುಟ್ಟುವವರೆಗೂ ಅಳುತ್ತಿದ್ದ, ಇಳಿದವನೇ ಇನ್ನೊಂದು ಬೇಕೆಂದು ವಾಪಸು ಬರುತ್ತಿದ್ದ. ಆ ಮೂಲೆಯ ಪರವಾನಗಿ ಅಂದು ಸಂಜೆಗೆ ಮುಗಿಯುವುದಿತ್ತು. ಅರ್ಜಿ ಪಾಸಾಗದಿದ್ದರೆ ಜಾಗ ಬೇರೆಯವರ ಪಾಲು.

ಅರ್ಜಿ ಪಾಸು ಮಾಡುವುದು ಈಗ ಗುಮಾಸ್ತರ ಕೆಲಸವಲ್ಲ, ನಿಜಗಾವಲಿನ ಕೆಲಸ. ಎಲ್ಲರ ಫೋನಿನಲ್ಲೂ ಕುಳಿತಿರುವ ಈ ಆ್ಯಪಿಗೆ ಬೆರಳು ಕೊಟ್ಟು ಉತ್ತರ ಹೇಳಬೇಕು. ನಾಡಿಯ ಬಡಿತವನ್ನೂ ದನಿಯ ನಡುಕವನ್ನೂ ಅದು ಒಟ್ಟಿಗೆ ಅಳೆದು, ಹೇಳಿದ ಮಾತು ನಿಜವಾದರೆ ಹಸಿರಾಗುತ್ತದೆ, ಸುಳ್ಳಾದರೆ, ಇಲ್ಲವೇ ಉತ್ತರವೇ ಬಾರದಿದ್ದರೆ, ಕೆಂಪಾಗುತ್ತದೆ. ಒಮ್ಮೆ ಹಸಿರಾಯಿತೆಂದರೆ ಆ ಮಾತು ರೇಷನ್ ಅಂಗಡಿಯಿಂದ ಬ್ಯಾಂಕಿನವರೆಗೆ ಎಲ್ಲ ಕಡೆ ಶಾಸನ. ಹೇಳಿದ ದನಿಯೇ ಬಂದು ತಿದ್ದಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

ಅದನ್ನು ಕಟ್ಟಿದ ವಿಜ್ಞಾನಿ ಪರಾಶರ ಅಂದು ಮೈಸೂರಿನಿಂದ ಬಂದು ಅವಳ ಗಾಡಿಯ ಮುಂದೆಯೇ ನಿಂತಿದ್ದ. ಈ ಸೀಮೆಯ ಹೆಂಗಸರ ಅರ್ಜಿಗಳೆಲ್ಲ ಇದೊಂದೇ ಜಾಗದಲ್ಲಿ ಏಕೆ ಸಿಕ್ಕಿಬೀಳುತ್ತವೆ ಎಂಬುದು ಅವನಿಗೆ ತಿಳಿಯದಾಗಿತ್ತು.

"ಅಮ್ಮಾ, ಹೆಸರು ಹೇಳ್ಬಿಡಿ. ಒಂದು ಸೆಕೆಂಡಿನ ಕೆಲಸ."

"ಗಂಡನ ಹೆಸರು ಬಾಯ್ಲೆ ಹೇಳ್ತಾರೇನೋ ತಮ್ಮಾ? ನಿಮ್ಮ ಕಡೆ ಹೇಳ್ತಾರೇನು? ನಮ್ಮಲ್ಲಿ ಹೇಳೂದಾದ್ರ ಒಡಪು ಕಟ್ಟಿ ಹೇಳ್ತಾರ. ನಾಕು ಸಾಲು ಪದ, ಕಡೀಕ ಹೆಸರು."

"ಒಡಪೇ ಹೇಳಿ. ಅದನ್ನೂ ಕೇಳೋ ಹಾಗೆ ಮಾಡ್ತೀನಿ."

"ಅದನ್ನೂ ಹೇಳಂಗಿಲ್ಲ ಹೋಗು."

ಕಾರಣ ಅವಳ ಎಡಗಿವಿಯಲ್ಲಿತ್ತು. ಹೊಸ ಮದುಮಗಳಾಗಿದ್ದಾಗ ಸಂತೆಯ ಗದ್ದಲದಲ್ಲಿ ದಾರಿ ತಪ್ಪಿ, ದಿಕ್ಕುಗಾಣದೆ ಗಂಡನ ಹೆಸರು ಹಿಡಿದು ಕೂಗಿದ್ದಳು. ಅವನು ಬಂದ. ಸಂತೆಯೆಲ್ಲ ತಿರುಗಿ ನೋಡುವಂತೆ ಕಪಾಳಕ್ಕೆ ಬಾರಿಸಿದ. "ಇನ್ನೊಮ್ಮೆ ಈ ಹೆಸರು ನಿನ್ನ ಬಾಯಾಗ ಬಂದ್ರ ನಾಲಗಿ ಸೀಳ್ತೀನಿ" ಎಂದ. ಅಂದಿನಿಂದ ಆ ಕಿವಿಯಲ್ಲಿ ಜೇನುಗೂಡೊಂದು ಗುಂಯ್‌ಗುಡುತ್ತಲೇ ಇದೆ. ಮುಂದೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಕೊಪ್ಪಳ ಸೇರಿದ. ಹೆಸರು ಮಾತ್ರ ಅವಳ ಬಾಯಿಗೆ ಬರಲಿಲ್ಲ.

ಪರಾಶರ ತಲೆ ಕೆರೆದುಕೊಂಡು, ಕೈಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿದ. "ಸರಿ, ಪಟ್ಟು ಸಡಿಲ ಮಾಡಿದೀನಿ. ಹೆಸರು ಬೇಡ. ಪತಿ ಇದಾರಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು. ಮಿಕ್ಕಿದ್ದನ್ನ ಮದುವೆ ದಾಖಲೆ ನೋಡಿ ಅದೇ ತುಂಬ್ಕೊಳ್ಳುತ್ತೆ."

ದುಂಡವ್ವ ಮಿರ್ಚಿ ತಿರುವಿ ಹಾಕುತ್ತ ಕೇಳಿದಳು: "ತಮ್ಮಾ, ಇದಕ್ಕ ಊರಾಗಿನ ಖರೇ ಗೊತ್ತಾಗತೈತೋ, ಹೊಟ್ಟ್ಯಾಗಿನ ಖರೇನೋ?"

"ಊರಿನದು ಅದಕ್ಕೇನು ಗೊತ್ತು? ನೀವು ಮನಸಾರೆ ನಂಬಿರೋದೇ ಅದಕ್ಕೆ ನಿಜ."

"ಹಂಗೇನು!" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಬೆರಳಿಟ್ಟಳು. "ಸತ್ತಾನ."

ನಾಡಿ ಅಲುಗಲಿಲ್ಲ, ದನಿ ನಡುಗಲಿಲ್ಲ. ಅಷ್ಟು ಅಚ್ಚ ಹಸಿರನ್ನು ಪರಾಶರ ತನ್ನ ಪ್ರಯೋಗಶಾಲೆಯಲ್ಲೂ ಕಂಡಿರಲಿಲ್ಲ. ಪರವಾನಗಿ ಬಂತು. ಅವನು ಎರಡು ಪ್ಲೇಟು ಮಿರ್ಚಿ ತಿಂದು, ಕಣ್ಣೀರು ಸುರಿಸುತ್ತ, ಸಮಸ್ಯೆ ಬಗೆಹರಿಯಿತೆಂದು ಮೈಸೂರಿಗೆ ಹೊರಟುಹೋದ.

ಮರುದಿನ ಬೆಳಿಗ್ಗೆ ಕೊಪ್ಪಳದಲ್ಲಿ ಒಬ್ಬ ಗಂಡಸಿಗೆ ಬಸ್ಸಿನ ಬಾಗಿಲು ತೆರೆಯಲಿಲ್ಲ. ಚಹಾ ಯಂತ್ರ ಚಹಾ ಕೊಡಲಿಲ್ಲ. "ಮೃತರಿಗೆ ಈ ಸೌಲಭ್ಯವಿಲ್ಲ" ಎಂದು ಅವನ ಫೋನೇ ಅವನಿಗೆ ಸಂತಾಪ ಹೇಳಿತು. ಮನೆಗೆ ಮರಳಿದರೆ ಬೀಗವೂ ಅವನ ಗುರುತು ಹಿಡಿಯಲಿಲ್ಲ. ಒಳಗಿದ್ದವಳು ಕಿಟಕಿಯಿಂದಲೇ, "ಸತ್ತವರನ್ನ ಒಳಗ ಕರಕೊಂಡ್ರ ಮಂದಿ ಏನಂದಾರು?" ಎಂದು ಪರದೆ ಎಳೆದಳು.

ಸಾವು ಬರೆಸಿದವಳು ದುಂಡವ್ವ ಎಂದೂ ಫೋನೇ ತಿಳಿಸಿತ್ತು. ಅವನು ನಡೆದೇ ಗದಗಿಗೆ ಬಂದ. ಸುದ್ದಿ ತಿಳಿದು ಪರಾಶರನೂ ಓಡಿ ಬಂದಿದ್ದ.

"ಅಮ್ಮಾ, ಇವರು ಬದುಕಿದಾರಲ್ಲ!"

"ನಿನ್ನ ಮಿಶಿನ್ ಸುಳ್ಳು ಹೇಳತೈತೇನು?"

ಪರಾಶರ ಫೋನನ್ನು ಅವಳ ಮುಂದೆ ಹಿಡಿದ. "ನಿಮ್ಮ ದನಿಯೇ ತಿದ್ದಬೇಕಮ್ಮ. ಸತ್ತವರನ್ನ ಎಬ್ಬಿಸಬೇಕಾದ್ರೆ ಯಾರನ್ನ ಅಂತ ಹೆಸರು ಹಿಡಿದು ಹೇಳ್ಲೇಬೇಕು. ಸುಳ್ಳು ವಾರಸುದಾರರು ಬರಬಾರದು ಅಂತ ನಾನೇ ಇಟ್ಟ ಷರತ್ತು ಅದು."

ಗಂಡ ಕೈಮುಗಿದ. ಬಿಸಿಲಿಗೆ ಅವನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಒಮ್ಮೆ ನನ್ನ ಹೆಸರು ಕರಿಯ ದುಂಡವ್ವಾ. ಒಂದ ಒಮ್ಮೆ."

ಅವಳು ಗಾಜಿನ ಮೇಲೆ ಹೆಬ್ಬೆರಳಿಟ್ಟಳು.

"ಕರಿಯಬಾರದು ಅಂತ ನೀವ ಕಲಿಸೀರಿ" ಎಂದಳು.

ಗಾಜು ಹಸಿರಾಯಿತು. ಇದೂ ನಿಜವೇ ಎಂದು ಒಪ್ಪಿಕೊಂಡು, ಮತ್ತೆ ಕೆಂಪಾಗಿ, "ಪತಿಯ ಹೆಸರು ಹೇಳಿ" ಎಂದಿತು.

ಹಸಿದವನನ್ನು ಕಳಿಸಬಾರದಲ್ಲ, ಅವಳು ಅವನ ಕೈಗೆ ಒಂದು ಪ್ಲೇಟು ಮಿರ್ಚಿ ಇಟ್ಟಳು. ತಿಂದಾದ ಮೇಲೆ ತೊಳೆಯಲು ಎಲ್ಲರ ಪ್ಲೇಟೂ ಕೊಟ್ಟಳು. ಅವಳ ಗಾಡಿಯೊಂದನ್ನು ಬಿಟ್ಟರೆ ಭೂಮಿಯ ಮೇಲೆ ಅವನಿಗೆ ಅನ್ನ ಹಾಕುವ ಜಾಗವೇ ಉಳಿದಿರಲಿಲ್ಲ. ಅವನು ಅಲ್ಲೇ ಉಳಿದ; ಅವಳು "ಏ, ಇಲ್ಲಿ" ಎಂದರೆ ಓಡಿ ಬರುತ್ತಾನೆ.

ಈಗ ದಿನಾ ಸಂಜೆ ಗಾಡಿಯ ಸುತ್ತ ಜನ ಕಿಕ್ಕಿರಿಯುತ್ತಾರೆ. ದುಂಡವ್ವ ಗಾಜಿನ ಮೇಲೆ ಬೆರಳಿಟ್ಟು ಹೊಸ ಒಡಪು ಎತ್ತುತ್ತಾಳೆ:

"ಕೆಂಪು ಮೆಣಸಿನಕಾಯಿ ಕಡ್ಲಿಹಿಟ್ಟಿನಾಗ ಅದ್ದಿ,
ಕಾದ ಎಣ್ಣ್ಯಾಗ ತೇಲಿ ಬಂತು ಬಂಗಾರದ ಮುದ್ದಿ,
ಸಂತ್ಯಾಗ ಸಿಕ್ಕ ಉಡುಗೊರಿ ಕಿವಿಯಾಗ ಐತಿ ಭದ್ರ,
ಕೊಟ್ಟವರ ಹೆಸರು ಹೇಳ್ತೀನಿ, ಕೇಳ್ರಿ ಎಲ್ಲಾರ—"

ಸೋಪಿನ ನೀರಿನಲ್ಲಿ ಅವನ ಕೈ ನಿಲ್ಲುತ್ತದೆ. ಜನ ಬಾಗುತ್ತಾರೆ. ಗಾಜು ಕಾಯುತ್ತದೆ.

ಅವಳು ಎಣ್ಣೆಗೆ ಒಂದು ಮಿರ್ಚಿ ಬಿಡುತ್ತಾಳೆ. ಚುರ್ರ್.